ರಾಜವೈದ್ಯರ ಎರಡು ಅಭಿಪ್ರಾಯ

“ನನ್ನ ಕೈಯಲ್ಲಿ ಇಂದಿನವರೆಗೆ ಒಬ್ಬ ರೋಗಿಯೂ ಸತ್ತಿಲ್ಲ” ಎಂದು ಮಾಗಳಿದುರ್ಗದ ರಾಜವೈದ್ಯ ತ್ರಿಯಂಬಕ ಪಂಡಿತರು ಮೀಸೆ ತಿರುವುತ್ತಿದ್ದರು. ಮಾತು ಸುಳ್ಳಲ್ಲ. ರೋಗಿ ಉಳಿಯುವುದು ಕಷ್ಟ ಎನ್ನಿಸಿದ ಕೂಡಲೇ ಅವನನ್ನು ಇನ್ನೊಬ್ಬ ವೈದ್ಯನ ಕೈಗೆ ದಾಟಿಸಿಬಿಡುತ್ತಿದ್ದರು.

ಅರಸ ಚೆನ್ನನಾಯಕನ ಭಾವಮೈದುನ ಜ್ವರದಿಂದ ಮಲಗಿದಾಗಲೂ ಹಾಗೇ ಆಯಿತು. ರೋಗಿ ಪೇಟೆಯ ವೈದ್ಯ ಮುದ್ದಯ್ಯನ ಪಾಲಿಗೆ ಬಂದ, ಅವನ ಕೈಯಲ್ಲೇ ತೀರಿಕೊಂಡ. ಆತ ಏನು ಮದ್ದು ಕೊಟ್ಟನೆಂದು ಪಂಡಿತರು ತಿರುಗಿಯೂ ನೋಡಿರಲಿಲ್ಲ. ಅರಸನಿಗೆ ಮಾತ್ರ ದುಃಖಕ್ಕಿಂತ ಸಿಟ್ಟು ಹೆಚ್ಚಾಯಿತು. ಮುದ್ದಯ್ಯನ ತಪ್ಪು ಸಾಬೀತಾದರೆ ನಾಡಿ ಹಿಡಿದ ಬೆರಳುಗಳನ್ನೇ ಕತ್ತರಿಸುವುದೆಂದು ಹೇಳಿ ವಿಚಾರಣೆಗೆ ದಿನ ಗೊತ್ತುಮಾಡಿದ. ಅಭಿಪ್ರಾಯ ಹೇಳಬೇಕಾದವರು ಯಾರು? ಮತ್ತಾರು, ಪಂಡಿತರೇ.

ವಿಚಾರಣೆಯ ಹಿಂದಿನ ದಿನ ಆಸ್ಥಾನದ ವಿದೂಷಕ ಹಂಪಣ್ಣ ಎದ್ದುನಿಂತ. ಅವನ ನಾಲಗೆಗೆ ಅರಸನೂ ಸ್ವಲ್ಪ ಹೆದರುತ್ತಿದ್ದ. ನೆರೆರಾಜ್ಯದಿಂದ ಒಂದು ಪ್ರಶ್ನೆ ಬಂದಿದೆ ಎಂದ. ಅಲ್ಲೊಬ್ಬ ವೈದ್ಯ ಜ್ವರದ ರೋಗಿಗೆ ಅನ್ನ ನಿಲ್ಲಿಸಿ ಬರೀ ಶುಂಠಿ ಕಷಾಯ ಕೊಟ್ಟನಂತೆ; ರೋಗಿ ಎದ್ದು ಕುದುರೆ ಏರಿದನಂತೆ. ವೈದ್ಯನಿಗೆ ಬಂಗಾರದ ಕಡಗ ತೊಡಿಸಬಹುದೇ?

ನೆರೆರಾಜ್ಯದವರೂ ತಮ್ಮನ್ನೇ ಕೇಳುತ್ತಾರೆಂದು ಪಂಡಿತರು ಉಬ್ಬಿಹೋದರು. “ಧಾರಾಳವಾಗಿ ತೊಡಿಸಲಿ. ಜ್ವರಕ್ಕೆ ಉಪವಾಸವೇ ಮೊದಲ ಮದ್ದು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.”

ಮರುದಿನ ವಿಚಾರಣೆ. ಆ ಆಸ್ಥಾನದ ಪದ್ಧತಿಯಂತೆ ಓಲೆಕಾರ ನಡೆದ ಸಂಗತಿಯನ್ನೆಲ್ಲ ಮೊದಲು ಸಾರಿದ: ಜ್ವರ, ಉಪವಾಸ, ಶುಂಠಿ ಕಷಾಯ, ಸಾವು. ಕೊನೆಯ ಮಾತು ಕಿವಿಗೆ ಬಿದ್ದದ್ದೇ ತಡ, ಪಂಡಿತರು ತಲೆಯಾಡಿಸಿದರು.

“ಇದು ವೈದ್ಯವಲ್ಲ ಪ್ರಭು, ಕೊಲೆ. ಬಳಲಿದವನನ್ನು ಉಪವಾಸ ಕೆಡವಿದರೆ ಉಳಿಯುತ್ತಾನೆಯೇ?”

ಮುದ್ದಯ್ಯ ಬೆರಳುಗಳನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ.

“ನಿನ್ನೆ ಇದೇ ಮದ್ದಿಗೆ ಕಡಗ ಕೊಡಿಸಿದಿರಲ್ಲ, ಪಂಡಿತರೇ?” ಎಂದು ಹಂಪಣ್ಣ ಕೇಳಿದ.

“ಅಲ್ಲಿ ರೋಗಿ ಬದುಕಿದ್ದನಪ್ಪ.”

“ಅವನನ್ನು ಬದುಕಿಸಿದವನು ನಾನು. ನೆರೆರಾಜ್ಯದಲ್ಲಿ ಅಂಥ ರೋಗಿಯೇ ಇಲ್ಲ. ಮುದ್ದಯ್ಯನ ಕತೆಯನ್ನೇ ಕೊನೆ ಬದಲಿಸಿ ಹೇಳಿದೆ.”

ಸಭೆ ಕಿಸಕ್ಕೆಂದಿತು. ಅರಸನ ಸಿಟ್ಟೂ ಇಳಿಯಿತು. ಮುದ್ದಯ್ಯನನ್ನು ಬಿಡಿಸಿ, ಪಂಡಿತರ ಮಾತು ಹುಸಿಯಾಗಬಾರದೆಂದು ಕಡಗವನ್ನೂ ಅವನಿಗೇ ತೊಡಿಸಿದ. ಇನ್ನು ಮುಂದೆ ವೈದ್ಯರ ಅಭಿಪ್ರಾಯ ಕೇಳುವ ಮೊದಲು ರೋಗಿ ಉಳಿದನೋ ಸತ್ತನೋ ಸಾರಕೂಡದೆಂದು ಅಪ್ಪಣೆ ಮಾಡಿದ.

ಪಂಡಿತರು ಕಂಗಾಲಾದರು. “ಪ್ರಭು, ಕೊನೆಗೆ ಏನಾಯಿತೆಂದು ತಿಳಿಯದೆ ಅಭಿಪ್ರಾಯ ಹೇಳುವುದು ಹೇಗೆ?”

“ಕಷ್ಟವೇ, ಪಂಡಿತರೇ” ಎಂದ ಹಂಪಣ್ಣ. “ಪಾಪ, ಮುದ್ದಯ್ಯ ಮದ್ದು ಕೊಟ್ಟದ್ದೂ ಹಾಗೇ.”