ನೀರು ಬರುವ ನಲ್ಲಿಯ ಫೋಟೋ

ಊರಿನ ನಲ್ಲಿಗಳಲ್ಲಿ ನೀರು ಬಂದು ಹನ್ನೊಂದು ದಿನವಾಗಿತ್ತು. ಪಂಚಾಯ್ತಿ ಅಧ್ಯಕ್ಷ ಪರಶಿವಪ್ಪ ನೀರುಗಂಟಿಯನ್ನು ಕರೆಸಿ ಗದರಿದ: "ನೀರು ಬರ್ತಿರೋ ನಲ್ಲಿ ಫೋಟೋನ ಮಧ್ಯಾಹ್ನದೊಳಗೆ ಊರಿನ ವಾಟ್ಸಾಪ್ ಗ್ರೂಪಿಗೆ ಹಾಕು. ತಾಲ್ಲೂಕಿನ ಸಾಹೇಬ್ರು ನೋಡ್ತಾರೆ. ಇಲ್ಲಾಂದ್ರೆ ನಾಳೆಯಿಂದ ಕೆಲಸಕ್ಕೆ ಬರ್ಬೇಡ."

ನೀರುಗಂಟಿ ಊರೆಲ್ಲ ಸುತ್ತಿದ. ಎಲ್ಲ ನಲ್ಲಿಯೂ ಒಣಗಿತ್ತು. ಕೊನೆಗೆ ಒಂದೇ ಒಂದು ಕಡೆ ನೀರು ಧಾರಾಳವಾಗಿ ಹರಿಯುತ್ತಿತ್ತು. ಫೋಟೋ ಹೊಡೆದು ಗ್ರೂಪಿಗೆ ಹಾಕಿದ. ಕೆಳಗೆ ಬರೆದ: "ಅಧ್ಯಕ್ಷರ ಮನೆ ಅಂಗಳ. ಕಾರು ತೊಳೆಯುತ್ತಿರುವುದು."

ಸಾಹೇಬರು ಹೆಬ್ಬೆರಳು ಎತ್ತಿದರು. ಊರಿನ ಹೆಂಗಸರು ಕೊಡ ಎತ್ತಿದರು.

"ನನ್ನ ಮನೇದೇ ಯಾಕೋ ಹಾಕ್ದೆ?" ಪರಶಿವಪ್ಪ ಗೇಟಿನ ಹಿಂದಿನಿಂದ ಕಿರುಚಿದ.

"ನೀರು ಬರ್ತಿರೋದು ಬೇಕು ಅಂದ್ರಲ್ಲ ಅಣ್ಣಾರೆ. ಬೇರೆ ಎಲ್ಲೂ ಸಿಗ್ಲಿಲ್ಲ."

ಊರೇ ನಿಂತು ನೋಡುತ್ತಿತ್ತು. ಬೈಯಲೂ ಆಗದೆ ಅವನು ಗೇಟು ತೆಗೆದ.

ಸಾಲಿನ ಕೊನೆಯಲ್ಲಿ ನೀರುಗಂಟಿಯ ಹೆಂಡತಿ ನಿಂತಿದ್ದಳು. ಅವಳ ಸರದಿ ಬರುವಷ್ಟರಲ್ಲಿ ಅಧ್ಯಕ್ಷರ ಮನೆಯ ಟ್ಯಾಂಕು ಬರಿದಾಗಿತ್ತು.

ಖಾಲಿ ಕೊಡ ಹೊತ್ತು ಮನೆಗೆ ಬಂದವಳು ಗಂಡನನ್ನು ಕೇಳಿದಳು: "ಫೋಟೋಗೆ ಎಷ್ಟು ಲೈಕ್ ಬಂತು?"

"ಅರವತ್ತು."

"ಸರಿ. ಅದನ್ನೇ ಎಸರಿಗಿಡ್ತೀನಿ. ಮಕ್ಕಳು ಉಣ್ಣಲಿ."