ಚೆನ್ನವ್ವನಿಗೆ ತಪ್ಪಿದ ಮೂರು ದೋಣಿ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜನ ಮೀಸೆ ಇರಲಿ, ನಿಮ್ಮಜ್ಜನೇ ಹುಟ್ಟಿರಲಿಲ್ಲ, ಆಗ ಹೊಳೆ ಕಡಲು ಸೇರೋ ಕಡೆ ಒಂದು ಬಂದರು ಪಟ್ಟಣ ಇತ್ತಂತೆ. ಕಾಲು ಒದೀಬೇಡ, ಕೇಳು. ಅಲ್ಲಿ ಒಂದೇ ಬೀದೀಲಿ ಹತ್ತು ಭಾಷೆಯಂತೆ, ಹತ್ತು ಥರ ಒಗ್ಗರಣೆ ವಾಸನೆಯಂತೆ. ಘಟ್ಟದ ಮೇಲಿನ ಚೆನ್ನವ್ವ ಅನ್ನೋಳು ಮಗಳು ನೀಲವ್ವನ್ನ ಆ ಊರಲ್ಲಿ ಹಾಯಿ ಹೊಲಿಯೋನಿಗೆ ಕೊಟ್ಟಿದ್ದಳಂತೆ. ಆಮೇಲೆ ಯಾರೋ ಬಂದು, ಅಯ್ಯೋ, ಆ ಬೀದೀಲಿ ನಿನ್ನ ಮಗಳ ಮಾತು ಯಾರಿಗೂ ತಿಳಿಯಲ್ಲ ಕಣವ್ವ ಅಂದರಂತೆ. ತಗೋ, ಚೆನ್ನವ್ವನ ಎದೆ ಧಸಕ್ ಅಂತು. ಮಗಳು ಅಳಿಯ ಇಬ್ಬರನ್ನೂ ಕರ್ಕೊಂಡೇ ಬರ್ತೀನಿ ಅಂತ ಹೊರಟು ಬಂದಳಂತೆ.

ನೀಲವ್ವ ಬರಲ್ಲ ಅಂದರೂ ಕೇಳಲಿಲ್ಲ, ಗಂಟು ಕಟ್ಟಿಸಿದಳು. ಘಟ್ಟದ ಕಡೆ ಹೋಗೋ ದೋಣಿ ದಿನಾ ಬೆಳಿಗ್ಗೆ ಒಂದೇ. ಹೊರಡೋ ಹೊತ್ತಿಗೆ ಸರಿಯಾಗಿ ಪಕ್ಕದ ಮನೆ ಜುಲೇಖಾಬಿ ಒಂದು ಪಾತ್ರೆ ಪಾಯಸ ಕಳಿಸಿದಳಂತೆ. ಚೆನ್ನವ್ವನ ಊರ ಕಡೆ ಪಾತ್ರೆ ಖಾಲಿ ವಾಪಸ್ ಕೊಟ್ರೆ ಮಾನ ಹೋದಂಗೆ. ಒಲೆ ಹಚ್ಚು, ರೊಟ್ಟಿ ತಟ್ಟು, ಎಣ್ಣೆಗಾಯಿ ಮಾಡು, ತುಂಬಿಸಿ ಕಳಿಸು ಅನ್ನೋದ್ರೊಳಗೆ ದೋಣಿ ಹೋಯ್ತಂತೆ. ಮಾರನೇ ದಿನ ಎದುರು ಮನೆ ನತಾಲ್‌ಬಾಯಿ ಹಲಸಿನ ಹಣ್ಣಿನ ಕಡುಬು ಕಳಿಸಿದಳಂತೆ. ಮತ್ತೆ ಒಲೆ, ಮತ್ತೆ ದೋಣಿ ಹೋಯ್ತು.

ಮೂರನೇ ದಿನ ಚೆನ್ನವ್ವ ಮುಂಬಾಗಿಲಿಗೆ ಅಗುಳಿ ಹಾಕಿ, ಹಿತ್ತಲಿಂದ ಜಾರೋಣ ಅಂತ ಹೋದ್ರೆ, ಅಲ್ಲಿ ನೀಲವ್ವ ಗೋಡೆಗೆ ಆತುಕೊಂಡು, ಹಿಂದಿನ ಮನೆಯೋಳಿಗೆ ಅರ್ಧ ಮಾತು ಅರ್ಧ ಕೈಸನ್ನೆ, ಜಮ್ನಾಬೆನ್, ಇವತ್ತು ನಿಮ್ಮ ಸರದಿ, ಬೇಗ ಏನಾದರೂ ಕಳಿಸಿ ಅಂತ ಪಿಸುಗುಡ್ತಿದ್ದಳಂತೆ!

ಎಲಾ ಇವಳಾ, ಹೆತ್ತ ತಾಯಿಗೇ ಟೋಪಿ ಹಾಕ್ತೀಯಾ ಅಂತ ಚೆನ್ನವ್ವ ಕೂಗಾಡಿದಳಂತೆ. ನೀಲವ್ವ ಗಳಗಳ ಅತ್ತು, ಅವ್ವಾ, ಹೋದ ತಿಂಗಳು ಇವರು ಕಡಲ ಮೇಲೆ ಹೋಗಿದ್ದಾಗ ನಂಗೆ ಜ್ವರ ಬಂತು, ಈ ಮೂವರೇ ಪಾಳಿ ಮೇಲೆ ಕೂತು ಗಂಜಿ ಕುಡಿಸಿದ್ರು, ಬೇಡ ಅಂದ್ರೆ ಮೂರು ಭಾಷೇಲೂ ಬೈದ್ರು, ಒಂದೂ ತಿಳೀಲಿಲ್ಲ, ಆದ್ರೂ ನೀನೇ ಬೈದಂಗಿತ್ತು, ನಂಗಿಲ್ಲೇ ಚೆನ್ನಾಗಿದೆ ಕಣವ್ವ ಅಂದಳಂತೆ.

ಚೆನ್ನವ್ವನೂ ಸೆರಗಲ್ಲಿ ಕಣ್ಣು ಒರೆಸ್ಕೊಂಡಳಂತೆ. ಅಷ್ಟರಲ್ಲಿ ಗೋಡೆ ಮೇಲೆ ಒಂದು ಕೈ, ಕೈಲಿ ಬಿಸಿಬಿಸಿ ಪಾತ್ರೆ. ಅಳ್ತಿದ್ದ ಚೆನ್ನವ್ವನಿಗೆ ನಗು ಬಂತಂತೆ. ಆಮೇಲೆ ಆ ಪಾತ್ರೆ ತುಂಬ ರೊಟ್ಟಿ ಇಟ್ಟು ತಾನೇ ಜಮ್ನಾಬೆನ್ ಮನೆಗೆ ಹೋಗಿ, ತಗೊಳ್ಳಿ ತಾಯಿ, ಮಗಳನ್ನೂ ನಿಮ್ಮ ಕೈಗೇ ಹಾಕಿದೀನಿ ಅಂದಳಂತೆ. ಜಮ್ನಾಬೆನ್‌ಗೆ ಒಂದಕ್ಷರ ತಿಳೀಲಿಲ್ಲ, ಕೈ ಹಿಡಿದು ಎಳೆದು ಊಟಕ್ಕೆ ಕೂರಿಸಿದಳಂತೆ. ಆವತ್ತಿನ ದೋಣೀನೂ ಹೋಯ್ತು.

ನಾಲ್ಕನೇ ದಿನ ಚೆನ್ನವ್ವ ಒಬ್ಬಳೇ ದೋಣಿ ಹತ್ತಿದಳಂತೆ. ದಡದಲ್ಲಿ ಆ ಮೂವರೂ ಹೋ ಅಂತ ಅತ್ತರಂತೆ. ನೀಲವ್ವನೇ ಎಲ್ಲರ ಕಣ್ಣು ಒರೆಸಿ, ನಗ್ತಾ ಮನೆಗೆ ಕರ್ಕೊಂಡು ಹೋದಳಂತೆ. ಅವರೆಲ್ಲ ಅಲ್ಲಿ ಸುಖವಾಗಿದಾರೆ, ಕತೇನೂ ಮುಗೀತು, ಇನ್ನು ಕಣ್ಣು ಮುಚ್ಚು ನನ್ನವ್ವ.