ಟಾರುಕಲ್ಲು

ಮೂಡಂಗಿ ಬಂದರಿನ ಅಳಿವೆಯ ಬಾಯಲ್ಲಿ ನಿಂತಿರುವ ಕಪ್ಪು ಬಂಡೆಯನ್ನು ತೋರಿಸಿ, ಅದು ಜ್ವಾಲಾಮುಖಿಯ ಕಲ್ಲು ಎಂದು ದೋಣಿಯವರು ಪ್ರವಾಸಿಗರಿಗೆ ಹೇಳುತ್ತಾರೆ. ಶುದ್ಧ ಸುಳ್ಳು. ಕಲ್ಲು ಬೂದುಬಣ್ಣದ್ದು, ಕಪ್ಪು ಮೇಲೆ ಬಳಿದದ್ದು. ಹಿಂದೆ ಒಮ್ಮೆ, ಎರಡನೆಯ ಮಹಾಯುದ್ಧಕ್ಕೆ ಮುಂಚೆ, ಅದಕ್ಕೆ ಸುಣ್ಣದಕಲ್ಲು ಎಂದೇ ಹೆಸರಿತ್ತಂತೆ. ಮಳೆಗಾಲ ಮುಗಿದು ದೋಣಿ ಇಳಿಸುವ ಮೊದಲು ಬಂಡೆಯ ನೆತ್ತಿಗೆ ಚಿಪ್ಪುಸುಣ್ಣ ಬಳಿಯುವುದು ಮೀನುಗಾರ ಹರಿಕಂತ್ರರ ತಾಂಡೇಲನ, ಅಂದರೆ ದೋಣಿಗಳ ಮುಖಂಡನ, ಕಟ್ಟುಪಾಡು. ಆ ಬಿಳುಪನ್ನು ಎಡಕ್ಕೆ ಬಿಟ್ಟು ಬಂದ ಹಡಗಿನ ತಳ ಕಲ್ಲಿಗೆ ತಾಗುತ್ತಿರಲಿಲ್ಲ.

ಸಾಗವಾನಿ ಸಾಗಿಸುತ್ತಿದ್ದ ‘ಎಲಿನೋರ್’ ಎಂಬ ಸರಕು ಹಡಗನ್ನು ಯುದ್ಧಕಾಲದಲ್ಲಿ ನೌಕಾಪಡೆ ವಶಕ್ಕೆ ತೆಗೆದುಕೊಂಡು, ಹೆಸರು ಅಳಿಸಿ ನಂಬರು ಕೊಟ್ಟಿತು. ಎರಡು ವರ್ಷ ಅದು ಮುಂಬಯಿಯಿಂದ ಕೊಲಂಬೊವರೆಗೆ ಮದ್ದುಗುಂಡು, ಅಕ್ಕಿ, ಹಗ್ಗ ಸಾಗಿಸಿತು; ನಡುವೆ ಮರ ತುಂಬಲು ಮೂಡಂಗಿಗೆ ಬರುತ್ತಿತ್ತು. ತಾಂಡೇಲ ಜಟ್ಟಿಯ ಅಳಿಯ ಬೊಮ್ಮಯ್ಯ ಅದರಲ್ಲೇ ಖಲಾಸಿ. ನಾಲ್ಕನೆಯ ಸಲ ಬಂದಾಗ ಕಪ್ತಾನ, ಬಿಳಿ ಗುರುತು ಶತ್ರುವಿಗೆ ದಾರಿ ತೋರಿಸುತ್ತದೆ, ಅದಕ್ಕೆ ಟಾರು ಬಳಿಯಿರಿ ಎಂದು ಜಟ್ಟಿಗೆ ಹುಕುಂ ಮಾಡಿದ.

“ನಿಮಗೂ ದಾರಿ ತೋರ್ಸೂದು ಅದೇ ಅಲ್ರಾ ಒಡೆಯಾ? ನನ್ನ ಅಳಿಯ ನಿಮ್ಮ ಹಡಗಲ್ಲೇ ಇದ್ದಾನೆ” ಎಂದ ಜಟ್ಟಿ.

ಬಂದರಿನ ಗುಮಾಸ್ತ ಶೇಷಗಿರಿ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ಕಪ್ತಾನ ನಕ್ಕು ಏನೋ ಅಂದ. “ನಕ್ಷೆ ಉಂಟಂತೆ ಮಾರಾಯಾ. ಬಂಗಡೆ ಹಿಡಿಯೋನ ಪಾಠ ಬೇಡವಂತೆ” ಎಂದ ಶೇಷಗಿರಿ.

ಜಟ್ಟಿ ಕೈ ಹಚ್ಚಲಿಲ್ಲ. ಹಡಗಿನವರೇ ಎರಡು ಪೀಪಾಯಿ ಟಾರು ಬಳಿದು ಹೋದರು. ಮರಳಿದ್ದು ಮಾಗಿಯ ಒಂದು ಮುಂಜಾವಿನಲ್ಲಿ. ಕಪ್ಪು ಬಂಡೆ ಕಪ್ಪು ನೀರಿನಲ್ಲಿ ಕಾಣದೆ ಹಡಗಿನ ತಳ ಸೀಳಿತು. ಜಟ್ಟಿ ದೋಣಿ ಇಳಿಸಿ ಹನ್ನೊಂದು ಜನರನ್ನು ದಡಕ್ಕೆ ತಂದ, ಕಪ್ತಾನನನ್ನೂ ತಂದ. ಬೊಮ್ಮಯ್ಯ ಸಿಗಲಿಲ್ಲ.

ವಿಚಾರಣೆಯಲ್ಲಿ ಬಂದರಿನ ಅಧಿಕಾರಿಗಳು, ಟಾರು ಬಳಿದವರು ಮೀನುಗಾರರೇ ಎಂಬ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಜಟ್ಟಿಗೆ ಹೇಳಿದರು. ಇಲ್ಲವಾದರೆ ಕಡಲಿಗಿಳಿಯುವ ಪರವಾನಗಿ ರದ್ದು ಎಂದರು. ಅವನು ಒತ್ತಲಿಲ್ಲ. ಪರವಾನಗಿ ಹೋಯಿತು. ಯುದ್ಧ ಮುಗಿದ ಮೇಲೆ ಅದೇ ಅಧಿಕಾರಿಗಳು ಬಂದು, ಮತ್ತೆ ಸುಣ್ಣ ಬಳಿ, ಪರವಾನಗಿ ಕೊಡುತ್ತೇವೆ ಎಂದರಂತೆ. “ನನ್ನ ಕೈಯಿಂದ್ಲೇ ಸಾಕ್ಷಿ ಮುಚ್ಚಿಸ್ತ್ರಾ? ಅದು ಹಾಂಗೇ ಇರ್ಲಿ” ಎಂದು ಅವನು ಬೆನ್ನು ತಿರುಗಿಸಿದ ಎನ್ನುತ್ತಾರೆ. ಹರಿಕಂತ್ರರು ಗುರುತಿಗೆ ಪಕ್ಕದ ಚಿಕ್ಕ ಬಂಡೆಯನ್ನು ಹಿಡಿದರು; ಸುಣ್ಣದಕಲ್ಲು ಟಾರುಕಲ್ಲಾಯಿತು.

ಇಳಿತದ ಹೊತ್ತಿಗೆ ಹತ್ತಿರ ಹೋದವರಿಗೆ, ಗಟ್ಟಿಯಾದ ಟಾರಿನಲ್ಲಿ ಸಿಕ್ಕಿಕೊಂಡ ಕುಂಚದ ಎಳೆಗಳು ಈಗಲೂ ಕಾಣುತ್ತವೆ. ಅವು ಹಂದಿಯ ಕೂದಲು. ಹರಿಕಂತ್ರರು ಬಳಿಯುತ್ತಿದ್ದದ್ದು ತೆಂಗಿನ ನಾರಿನ ಕಟ್ಟಿನಿಂದ.